ಹಕ್ಕಿ ಬೀಳಿಸಿದವಳನ್ನು ಎತ್ತುವವರು ಯಾರು?

ಗುರಿಗೆಂದು ಕಂಬಕ್ಕೇರಿಸಿದ ಮರದ ಹಕ್ಕಿಯ ಎರಡನೇ ರೆಕ್ಕೆ ಉದುರುವ ಹೊತ್ತಿಗೇ ನನ್ನ ಗಂಟಲು ಕಟ್ಟಿಹೋಗಿತ್ತು, ಅಷ್ಟು ಕೂಗಿದ್ದೆ. ಕಂಬದ ತುದಿಯಲ್ಲಿ ಉಳಿದಿದ್ದು ಅಂಗೈಯಗಲದ ತುಂಡು. ಅದನ್ನು ಗುಂಡಿಟ್ಟು ಬೀಳಿಸಿದವರೇ, ಗಂಡಾಗಲಿ ಹೆಣ್ಣಾಗಲಿ, ಒಂದು ವರ್ಷದ ಮಟ್ಟಿಗೆ ವೆಲ್ಡರಿಂಕ್ ಊರಿನ ರಾಜ. ಬೆಳ್ಳಿ ಹಾರ, ಮೆರವಣಿಗೆ, ಹೋದಲ್ಲೆಲ್ಲ ಮೊದಲ ಬಿಯರ್! ಎಂಟು ಹಳ್ಳಿಗಳನ್ನು ಸೇರಿಸಿ ನಮಗೆಲ್ಲ ಒಂದೇ ಪುರಸಭೆ ಮಾಡಿದ್ದಾರೆ ನಿಜ, ಆದರೆ ಹಕ್ಕಿ ಹೊಡೆಯುವ ದಿನ ಪುರಸಭೆ ಯಾರಿಗೆ ಬೇಕು? ಮೊದಲ ಗುಂಡು ಹಾರಿಸಲು ಬಂದ ಮೇಯರಮ್ಮ ಮೋಡಕ್ಕೆ ಹೊಡೆದು, ಚಪ್ಪಾಳೆ ಗಿಟ್ಟಿಸಿ, ಮುಂದಿನ ಹಳ್ಳಿಗೆ ಹೊರಟುಹೋಗಿದ್ದರು.

ಕಣದಲ್ಲಿ ಉಳಿದವರು ಇಬ್ಬರೇ. ಒಬ್ಬ ನನ್ನ ಗಂಡ ಬೆರೆಂಟ್. ನಮ್ಮ ಮದುವೆಯಾದಾಗಿನಿಂದ ಪ್ರತಿ ಬೇಸಿಗೆಯಲ್ಲೂ "ಈ ಸಲ ನಾನೇ" ಅನ್ನುತ್ತ ಬಂದ ಮಹಾನುಭಾವ. ಇನ್ನೊಬ್ಬಳು ಹೈಕೆ, ಗಡಿಕಲ್ಲಿನ ಪಕ್ಕದ ಹೊಲಮನೆಯವಳು. ಗಡಿಯಾಚೆ ಜರ್ಮನಿಯಲ್ಲಿ ಹುಟ್ಟಿ ನಮ್ಮೂರಿನವನನ್ನು ಕಟ್ಟಿಕೊಂಡಳು. ಗಂಡ ತೀರಿಕೊಂಡ ಮೇಲೂ ಹಸುಗಳನ್ನು ನೋಡಿಕೊಂಡು ಇಲ್ಲೇ ನಿಂತಳು. ಇಷ್ಟಾದರೂ ಊರಿನ ಬಾಯಲ್ಲಿ ಅವಳು "ಆಚೆಯವಳು". ಅದನ್ನು ಕೇಳಿದಾಗೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ.

"ಡಿನಿ, ನೀನು ಯಾರ ಕಡೆ?" ಬೆರೆಂಟ್ ಬಂದೂಕು ಎತ್ತಿಕೊಳ್ಳುತ್ತ ಕೇಳಿದ.

"ಗೆದ್ದೋರ ಕಡೆ. ಮೊದ್ಲು ಹೊಡಿ, ಮಾತು ಆಮೇಲೆ."

ಹೊಡೆದ. ಚಕ್ಕೆಯೊಂದು ಹಾರಿತು, ತುಂಡು ಅಲ್ಲಾಡಿತು, ಬೀಳಲಿಲ್ಲ. ಡೇರೆಯೊಳಗಿದ್ದವರೆಲ್ಲ ಗ್ಲಾಸು ಹಿಡಿದೇ ಹೊರಗೆ ಓಡಿಬಂದರು. ಹೈಕೆ ಬಂದೂಕಿಗೆ ಕೆನ್ನೆ ಕೊಟ್ಟು ನಿಂತಳು. ನನಗೆ ನೋಡಲೂ ಆಗದು, ನೋಡದಿರಲೂ ಆಗದು. ಢಂ! ತುಂಡು ಹುಲ್ಲಿನ ಮೇಲೆ ಬಿದ್ದಿತ್ತು.

ನಾನು ಕುಣಿದುಬಿಟ್ಟೆ, ಗಂಡ ಸೋತ ಅನ್ನುವುದೂ ಮರೆತುಹೋಯಿತು. ಹೈಕೆ ಮಾತ್ರ ನಿಂತಲ್ಲೇ ನಿಂತಿದ್ದಳು. ಯಾಕೆಂದರೆ ನಮ್ಮಲ್ಲಿ ಹಕ್ಕಿ ಬೀಳಿಸಿದ ಮಾತ್ರಕ್ಕೆ ಯಾರೂ ರಾಜರಾಗುವುದಿಲ್ಲ. ಹತ್ತಿರದ ನೆರೆಯವನು ಬಂದು ಹೆಗಲ ಮೇಲೆ ಎತ್ತಿ ಊರಿಗೆ ತೋರಿಸಬೇಕು, ಆಮೇಲೇ ಹಾರ.

ಹಕ್ಕಿ ಹೊಡೆಯುವ ಸಂಘದ ಕಮಾಂಡರ್ ಮುದುಕ ಟೋನ್ ಗಂಟಲು ಸರಿಮಾಡಿಕೊಂಡ. "ಹೈಕೆ ಮನೆಗೆ ಹತ್ರದ್ದು ಗಡಿಯಾಚೆ ಆ ಜರ್ಮನ್ ಅಜ್ಜನ ಮನೆ. ಅವನು ನಮ್ಮ ಸಂಘದೋನಲ್ಲ. ಎತ್ತೋರಿಲ್ಲ ಅಂದ್ರೆ ರಾಜನೂ ಇಲ್ಲ. ಇನ್ನೊಂದು ಹಕ್ಕಿ ಏರ್ಸೋಣ." ಆಮೇಲೆ ನನ್ನ ಗಂಡನ ಕಡೆ ತಿರುಗಿ ನಕ್ಕ. "ನಿಂಗೂ ಇನ್ನೊಂದು ಸರದಿ ಸಿಗುತ್ತೆ ಕಣಯ್ಯಾ."

"ನಾಚ್ಕೆ ಆಗಲ್ವಾ ನಿಂಗೆ?" ನಾನು ಟೋನ್ ಮೇಲೆ ಕಿರುಚಿದೆ. ಹೈಕೆಯ ಮುಖ ಸುಣ್ಣದ ಹಾಗಾಯಿತು. ಬಂದೂಕನ್ನು ಮೇಜಿನ ಮೇಲಿಟ್ಟು, "ಇರ್ಲಿ ಬಿಡಿ, ಹಾಲು ಕರೆಯೋ ಹೊತ್ತಾಯ್ತು," ಅಂದಳು.

ಬೆರೆಂಟ್ ಖಾಲಿ ಕಂಬವನ್ನೇ ನೋಡುತ್ತಿದ್ದ. ಅವನ ಆಸೆ ನನಗೆ ಗೊತ್ತಿಲ್ಲವೇ? ಸುಮ್ಮನೆ ನಿಂತಿದ್ದರೆ ಸಾಕು, ಇನ್ನೊಂದು ಹಕ್ಕಿ ಏರುತ್ತಿತ್ತು. ಇವನು ಸುಮ್ಮನಿದ್ದುಬಿಟ್ಟರೆ ಮನೆಗೆ ಹೋಗಿ ಇವನ ಮುಖ ಹೇಗೆ ನೋಡಲಿ ಅನ್ನಿಸಿ ನನಗೆ ಅಳುವೇ ಬಂತು.

ಬೆರೆಂಟ್ ಟೋಪಿ ತೆಗೆದು ನನ್ನ ಕೈಗೆ ಕೊಟ್ಟ.

"ಕಮಾಂಡರೇ, ನಮ್ಮಮ್ಮ ಸತ್ತಾಗ ನೆರೆಯೋರೇ ಪೆಟ್ಟಿಗೆ ಹೊರ್ಬೇಕು ಅಂತ ನೀವೇ ಹೇಳಿದ್ರಿ. ಹೊತ್ತೋರಲ್ಲಿ ಇವ್ಳೂ ಇದ್ಲು. ಇವ್ಳ ಮನೆ ನಮ್ಗೆ ಎಷ್ಟು ದೂರ ಅಂತ ಆವತ್ತು ನೀವು ಅಳೀಲೇ ಇಲ್ವಲ್ಲ?"

ಬೆರೆಂಟ್ ಹೋಗಿ ಹೈಕೆಯ ಮುಂದೆ ಮಂಡಿಯೂರಿ ಬೆನ್ನು ಬಗ್ಗಿಸಿದ. "ಹತ್ತು ಮಾರಾಯ್ತಿ, ಬೇಗ. ನನ್ನ ಸೊಂಟ ಮೊದಲಿನ ಹಾಗಿಲ್ಲ."

ಅವಳು ಹತ್ತಿದಳು. ಅವನು ನಡುಗುತ್ತ ಎದ್ದು ನಿಂತ. ಬ್ಯಾಂಡಿನವರು ಯಾರ ಅಪ್ಪಣೆಗೂ ಕಾಯದೆ ಬಾರಿಸತೊಡಗಿದರು. ಮೇಲಿದ್ದ ಹೈಕೆ ಅಳುತ್ತ, ನಗುತ್ತ, ಅವನ ಕೂದಲನ್ನೇ ಹಿಡಿದುಕೊಂಡಿದ್ದಳು.

"ಬೆರೆಂಟ್, ಬೀಳಿಸ್ಬೇಡ್ವೋ!"

"ಬೀಳಿಸಿದ್ರೆ ರಾಜ ನಾನೇ ಆಗ್ತೀನಿ. ಸುಮ್ನೆ ಕೂತ್ಕೋ!"