ನರ್ಸಮ್ಮನ ತೋಟದ ಚಹಾ

ಯಾರಾದರೂ ಇನ್ನೊಬ್ಬರನ್ನು ಆಡಿಕೊಳ್ಳತೊಡಗಿದರೆ ನರ್ಸಮ್ಮ ತಡೆಯುತ್ತಿರಲಿಲ್ಲ, ಮುಖ ಸಿಂಡರಿಸುತ್ತಲೂ ಇರಲಿಲ್ಲ; ಚಹಾದ ಕೆಟಲನ್ನು ಎತ್ತಿಕೊಂಡು, "ಸಕ್ಕರೆ ಎಷ್ಟು ಹಾಕಲಿ?" ಎಂದು ಕೇಳುತ್ತಿದ್ದರು. ಬೆನ್ನ ಹಿಂದೆ ದೂಷಿಸುವುದು ಅವರ ಬಹಾಯಿ ಧರ್ಮದಲ್ಲಿ ದೊಡ್ಡ ತಪ್ಪು. "ಮತ್ತೆ ಮತ್ತೆ ಅದನ್ನೇ ಕೇಳ್ತೀರಲ್ಲ," ಎಂದು ಪೋಸ್ಟ್ ಮಾಸ್ತರರು ಒಮ್ಮೆ ಗೊಣಗಿದ್ದರು. "ಮನಸಾರೆ ಬೈಯೋಕೂ ಬಿಡಲ್ಲ, ಮೇಲೆ ಸಕ್ಕರೆ ಕಾಯಿಲೆ ಬೇರೆ ತರಿಸ್ತೀರಿ."

ಆಸ್ಪತ್ರೆಯ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಮಲಗಿದ ರೋಗಿಗಳ ನಡುವೆ ಹೆಜ್ಜೆಯಿಡುವವರಂತೆಯೇ ಅವರು ನಡೆಯುತ್ತಿದ್ದರು. ಅವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ನನಗೆ ಅವರು ಬಂದದ್ದು ತಿಳಿಯುತ್ತಿದ್ದುದು, ತೀರಿಹೋದ ಗಂಡನ ಕಂದು ಕೋಟಿನ ಜೇಬಿನಲ್ಲಿ ಗಿಡ ಸವರುವ ಕತ್ತರಿ ಕಿಣಿಗುಟ್ಟಿದಾಗಲೇ.

ವಸಂತದಲ್ಲಿ ರಿಜ್ವಾನ್ ಬರುತ್ತಿತ್ತು: ಗಡೀಪಾರಾಗಿ ಹೊರಡುವ ಮುನ್ನ ಅವರ ಧರ್ಮದ ಪ್ರವರ್ತಕರು ತೋಟವೊಂದರಲ್ಲಿ ಬೀಡುಬಿಟ್ಟು, ಬೀಳ್ಕೊಡಲು ಬಂದವರನ್ನೆಲ್ಲ ಗುಲಾಬಿಗಳ ನಡುವೆ ಕಂಡ ದಿನಗಳ ಹಬ್ಬ. ಊರಿನಲ್ಲಿ ಆ ಧರ್ಮದವರು ನರ್ಸಮ್ಮ ಒಬ್ಬರೇ. ಹಾಗಾಗಿ ಅತಿಥಿಗಳೆಲ್ಲ ನಮ್ಮಂಥ ಹೊರಗಿನವರು. ಹೊರಡುವಾಗ ಪ್ರತಿಯೊಬ್ಬರ ಕೈಗೂ ಒಂದು ಗುಲಾಬಿ ಕೊಟ್ಟು, ಮಾತು ಬಿಟ್ಟವರಿಗೆ ಕೊಡಿ ಎನ್ನುತ್ತಿದ್ದರು. "ನನಗೆ ಒಂದು ಸಾಲಲ್ಲ, ಬುಟ್ಟಿ ಬೇಕು," ಎನ್ನುತ್ತಿದ್ದರು ಪೋಸ್ಟ್ ಮಾಸ್ತರರು.

ಮನೆಮನೆಗೆ ಹೋಗಿ ಕರೆದ ಮೇಲೆ ಕೊನೆಗೆ ನರ್ಸಮ್ಮ ಹೋಗುತ್ತಿದ್ದುದು ಎದುರು ಬೀದಿಯಲ್ಲಿದ್ದ ಸ್ವಂತ ಅಕ್ಕನ ಮನೆಗೆ. ತಂಗಿ ಧರ್ಮ ಬದಲಿಸಿದಂದಿನಿಂದ ಅಕ್ಕ ಆ ತೋಟಕ್ಕೆ ಕಾಲಿಟ್ಟಿರಲಿಲ್ಲ. ಕಾಯಿಲೆ ಬಿದ್ದರೆ ಮಾತ್ರ ತಂಗಿಯೇ ಬೇಕು. "ನನ್ನ ಕೈಯಿಂದ ಔಷಧಿ ಕುಡೀತೀಯ, ಚಹಾ ಯಾಕೆ ಬೇಡ?" ಎಂದರೆ, "ಔಷಧಿ ನನ್ನ ಕಾಯಿಲೆಗೆ ಕಣೇ, ಚಹಾ ನಿನ್ನ ಹಬ್ಬಕ್ಕೆ," ಎನ್ನುತ್ತಿದ್ದರಂತೆ.

ಅಕ್ಕನ ಹೃದಯ ಕಾಯಿಲೆಯಿಂದ ತೀರ ಸೋತಿದ್ದ ವರ್ಷ ಉತ್ತರ ಬದಲಾಯಿತು. "ಕುರ್ಚಿ ನೆರಳಲ್ಲಿ ಹಾಕ್ಸು. ಬರ್ತೀನಿ ಅಂತ ಊರೆಲ್ಲ ಸಾರ್ಕೊಂಡು ಬರಬೇಡ." ನರ್ಸಮ್ಮ ಸಾರಲಿಲ್ಲ, ನನಗಷ್ಟೇ ಹೇಳಿದರು. ಒರೆಸಿದ ಬಟ್ಟಲುಗಳನ್ನೇ ಮತ್ತೆ ಒರೆಸಿದರು. ಬಿಸಿಲು ಸರಿದಂತೆಲ್ಲ ಬೆತ್ತದ ಕುರ್ಚಿಯನ್ನು ನೆರಳಿಗೆ ಸರಿಸಿದರು.

ಪ್ರಾರ್ಥನೆ ಮುಗಿದು ಚಹಾ ಬಗ್ಗಿಸುತ್ತಿದ್ದಾಗ ಅಕ್ಕನ ಮಗ ಗೇಟಿನ ಬಳಿ ಬಂದು ನಿಂತ. "ಅಮ್ಮ ಇಲ್ಲಿಗೆ ಹೊರಡೋಕೆ ಅಂತ ಚಪ್ಪಲಿ ಹಾಕ್ಕೊಂಡು ಕೂತಿದ್ರು, ಚಿಕ್ಕಮ್ಮ. ಕೂತ ಹಾಗೇ ಹೋಗ್ಬಿಟ್ರು."

ನರ್ಸಮ್ಮ ಅರ್ಧ ತುಂಬಿದ್ದ ಬಟ್ಟಲನ್ನು ಪೂರ್ತಿ ತುಂಬಿಸಿ ಪೋಸ್ಟ್ ಮಾಸ್ತರರ ಕೈಗಿತ್ತರು. "ಆರಿಹೋಗತ್ತೆ, ಕುಡೀರಿ," ಎಂದು, ಅದೇ ಕೋಟಿನಲ್ಲಿ ಅವನ ಹಿಂದೆ ನಡೆದರು.

ಅಕ್ಕನ ಮೈ ತೊಳೆದದ್ದು ಅವರೇ. ಮುಸ್ಸಂಜೆಗೆ ಮರಳಿದಾಗ ನಾವ್ಯಾರೂ ಎದ್ದು ಹೋಗಿರಲಿಲ್ಲ. ಬೆತ್ತದ ಕುರ್ಚಿಯಲ್ಲಿ ಯಾರೂ ಕೂತಿರಲೂ ಇಲ್ಲ. ಏನಾದರೂ ಹೇಳಬೇಕಲ್ಲ ಎಂದು, "ಹೊರಟಿದ್ರಲ್ಲ ನರ್ಸಮ್ಮ, ಅದು ಬಂದ ಹಾಗೇನೇ," ಎಂದೆ.

"ಬಂದ ಹಾಗೆ ಅಲ್ಲಪ್ಪ," ಎಂದರು. "ಅವಳ ಮನೇಲೇ ಅವಳ ಚಪ್ಪಲಿ ಬಿಚ್ಚಿದೋಳು ನಾನು."

ಮರುವರ್ಷವೂ ತೋಟದಲ್ಲಿ ಚಹಾ ಇತ್ತು. ಎಲ್ಲರನ್ನೂ ಉಪಚರಿಸಿದರು, ಯಾರ ಮುಖದ ಮೇಲೂ ಅವರ ನೋಟ ನಿಲ್ಲಲಿಲ್ಲ. ಕರೆಯುವುದನ್ನೇ ಬದುಕು ಮಾಡಿಕೊಂಡವರ ಪಾಡು ಬಹುಶಃ ಇಷ್ಟೇ. ಅವರ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಕಣ್ಣು ಮಾತ್ರ ಒಬ್ಬರ ದಾರಿ ಕಾಯುತ್ತದೆ. ಕರೆದಾಗಲೆಲ್ಲ ಬಂದ ನಾವು, ಆ ಒಬ್ಬರು ನಾವಲ್ಲ ಎಂಬುದು ತಿಳಿದಿದ್ದೂ, ಕೊಟ್ಟದ್ದನ್ನು ಕುಡಿದು ಎದ್ದು ಬರುತ್ತೇವೆ.