ಮೂರು ಡಿಗ್ರಿ ಅತ್ತಿತ್ತ

ಹತ್ತನೆಯ ಗೆರೆ ಯಾಕೋ ಸೊಟ್ಟ, ಕನ್ನಡಕ ಮಸುಕಾಗಿರಬೇಕು ಎಂದು ತೋಳಿಗೆ ಒರೆಸಿ ಹಾಕಿಕೊಂಡಳು — ಇಲ್ಲ, ಸೊಟ್ಟವೇ, ಒಂಬತ್ತು ಎಣ್ಣೆಬಾವಿಗಳು ನೆಲದಡಿ ಶಿಸ್ತಾಗಿ ಒಂದೇ ದಿಕ್ಕಿಗೆ ಮಲಗಿವೆ, ಇದೊಂದು ಮಾತ್ರ ನಿದ್ದೆಯಲ್ಲಿ ಹೊರಳಿದ ಮಗುವಿನ ಹಾಗೆ, ನಕ್ಷೆಯ ಮೇಲೆ ಮಧ್ಯಾಹ್ನದ ಬಿಸಿಲು ಎಷ್ಟು ಹಿತವಾಗಿದೆ, ಹದಿನಾಲ್ಕು ವರ್ಷ ಇದೇ ಮೇಜು, ಇದೇ ಕಿಟಕಿ, ಬೇಸರ ಅಂತ ಒಂದು ದಿನವೂ ಅನಿಸಿಲ್ಲ, ಈಗ ನಿವೃತ್ತರಾಗಿರುವ ದೊಡ್ಡ ಸಾಹೇಬರು ಮೊದಲ ದಿನವೇ ಹೇಳಿದ್ದರು, ನಕ್ಷೇಲಿ ಕಾಣೋ ಚುಕ್ಕೆ ಬರೀ ಬಾವಿ ಬಾಯಿ ಕಣಮ್ಮ, ಒಳಗೆ ಅದು ಓರೆಯಾಗಿ ಹೋಗುತ್ತೆ, ಎಣ್ಣೆ ಅನಿಲ ಬರೋದು ಎರಡು ಕಿಲೋಮೀಟರ್ ಆಚೆಯಿಂದ, ಚುಕ್ಕೆ ನೋಡಿ ಮೋಸ ಹೋಗ್ಬೇಡ, ಗೆರೆ ಓದು — ಓದುತ್ತಲೇ ಇದ್ದಾಳೆ, ನೆಲದಡಿ ಇರುವುದೆಲ್ಲ ಕಾಣುತ್ತದೆ, ಕೈಚೀಲದಲ್ಲಿರುವ ಮನೆಯ ಕೀಲಿಕೈ ಮಾತ್ರ ಕಾಣುವುದಿಲ್ಲ, ಗಂಡ ನಗುತ್ತಾನೆ. ಈಗ ಅದೇ ಗಂಡನ ಫೋನು, ಹತ್ತನೆಯದರ ಪಕ್ಕ ಇನ್ನೂರು ಮೀಟರ್ ಬಿಟ್ಟು, ಅದರದೇ ಓರೆಯಲ್ಲಿ, ಹನ್ನೊಂದನೆಯದನ್ನು ಕೊರೆಯಲು ಯಂತ್ರ ಹೂಡಿ ನಿಂತಿರುವ ಮೇಸ್ತ್ರಿ ಅವನೇ, ಏನೇ, ನಕ್ಷೆಗೆ ಸಹಿ ಆಯ್ತಾ, ಹುಡುಗರೆಲ್ಲ ಕೈ ಕಟ್ಕೊಂಡು ಕೂತಿದ್ದಾರೆ, ಇರಿ ರೀ, ಒಂದು ಗೆರೆ ಕಣ್ಣಿಗೆ ಚುಚ್ತಿದೆ, ಬಂದ್ರಪ್ಪಾ ನಮ್ಮ ಗೆರೆ ಡಾಕ್ಟ್ರು, ಎಂದು ಫೋನು ಇಟ್ಟ.

ಹತ್ತನೆಯದರ ಹಳೆಯ ಕಡತ ತೆಗೆದಳು, ದಿಕ್ಸೂಚಿಯ ಉತ್ತರ ಬೇರೆ, ನಕ್ಷೆಯ ಉತ್ತರ ಬೇರೆ, ಈ ಜಾಗದಲ್ಲಿ ಮೂರು ಡಿಗ್ರಿ ಕೂಡಿಸಬೇಕು, ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾಳೆ, ಪುಟದಲ್ಲಿ ಯಾರೋ ಕಳೆದುಬಿಟ್ಟಿದ್ದಾರೆ, ಯಾವ ಪುಣ್ಯಾತ್ಮ ಎಂದು ಬಗ್ಗಿದರೆ — ಬಾಲ ಎಳೆದ ಆ ಒಂಬತ್ತರ ಅಂಕಿ, ತನ್ನದೇ ಅಕ್ಷರ, ತಾರೀಖು ನೋಡಿದರೆ ಮದುವೆ ಗೊತ್ತಾದ ವಾರ, ಅರ್ಧ ಗಂಟೆಗೊಮ್ಮೆ ಫೋನು ಮಾಡುತ್ತಿದ್ದ ಮಹಾರಾಯ ಇವನೇ, ಕಾಲು ನೆಲದ ಮೇಲಿದ್ದರೆ ತಾನೇ ಲೆಕ್ಕ ಸರಿಹೋಗೋದು, ನಗು ಬಂತು, ಅದರ ಬೆನ್ನಿಗೇ ಲೆಕ್ಕ ಹಾಕಿದಳು. ಕೂಡಿಸುವಲ್ಲಿ ಕಳೆದರೆ ಒಟ್ಟು ಆರು ಡಿಗ್ರಿ, ಎರಡು ಕಿಲೋಮೀಟರಿಗೆ ಇನ್ನೂರು ಮೀಟರ್ ಚಿಲ್ಲರೆ, ಪೆನ್ಸಿಲ್ ಹಿಡಿದು ಸರಿಯಾದ ಗೆರೆ ಎಳೆಯುತ್ತಾಳೆ, ಅದು ಹನ್ನೊಂದನೆಯದರ ತುದಿಗೇ ಹೋಗಿ ಮುಟ್ಟುತ್ತದೆ, ಅನಿಲ ತುಂಬಿದ ಬಾವಿಗೆ ಬೈರಿಗೆ ನುಗ್ಗಿದರೆ ಅದು ಉಕ್ಕಿ ಬರುವುದು ಅವನ ಕಾಲಡಿಗೆ. ಹೊಸ ಬಾವಿಯನ್ನು ಸದ್ದಿಲ್ಲದೆ ಆಚೆ ಸರಿಸಿ, ಕಲ್ಲು ಗಟ್ಟಿಯಿದೆ ಅಂತ ಏನೋ ಕಾರಣ ಬರೆದರೆ ಯಾರಿಗೂ ತಿಳಿಯದು, ಹದಿನಾಲ್ಕು ವರ್ಷದ ಹೆಸರು ಉಳಿಯುತ್ತದೆ — ಛೆ, ಈ ತಪ್ಪು ಗೆರೆ ನಂಬಿ ಮುಂದೆ ಯಾವನೋ ಕೊರೆಯುತ್ತಾನಲ್ಲ, ಅವನಿಗೂ ಮನೆಯಿಲ್ಲವೇ, ಕೆಂಪು ಶಾಯಿಯಲ್ಲಿ ತಪ್ಪು ನನ್ನದು ಎಂದು ಬರೆದು ಹೆಸರು ಹಾಕಿದಳು, ಫೋನು ಎತ್ತಿದಳು, ರೀ, ಕೊರೀಬೇಡಿ, ಹತ್ತನೇದನ್ನ ನಾನೇ ತಪ್ಪು ಬರ್ದಿದ್ದೆ, ಯಾವಾಗ, ಎಂದು ಕೇಳಿದ, ಮದುವೆಗೆ ಮುಂಚೆ ನನ್ನ ತಲೆ ತಿಂತಿದ್ರಲ್ಲ, ಆಗ, ಹಾಗಾದ್ರೆ ಅರ್ಧ ತಪ್ಪು ನಂದು ಅಂತಾನೂ ಬರ್ಕೋ, ಎಂದು ನಕ್ಕ. ಮನಸ್ಸು ಹಗುರ, ಈಗಿನ ಸಾಹೇಬರಿಗೂ ಹೇಳಬೇಕು, ಬೈದರೆ ಬೈಯಲಿ, ಖುಷಿಯಾಗಿ ಬೈಸಿಕೊಳ್ಳುತ್ತಾಳೆ, ಈಗೊಂದು ಕಾಫಿ, ಸಂಜೆ ಅವನು ಬೇಗ ಬರುತ್ತಾನೆ — ಆದರೆ ಆ ಪೆನ್ಸಿಲ್ ತುದಿ, ಎರಡು ಗೆರೆ ಮುಟ್ಟಿದ ಸಾಸಿವೆಯಷ್ಟು ಜಾಗ, ಕಾಫಿ, ಬೇಗ ಬರುತ್ತಾನೆ, ಆ ಜಾಗ, ಬರುತ್ತಾನೆ, ಆ ಸಾಸಿವೆಯಷ್ಟು ಜಾಗ