ಎಣಿಸಿಟ್ಟ ಕ್ವಿನೈನ್

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ದೊಡ್ಡಬಳ್ಳಾಪುರ ಸೀಮೆಯ ಆ ಸಣ್ಣ ಸರ್ಕಾರಿ ಆಸ್ಪತ್ರೆಗೆ ಚಳಿಜ್ವರದ ಮದ್ದು ಕ್ವಿನೈನ್ ಬರುವುದೇ ಅಪರೂಪವಾಗಿತ್ತು. ಬಂದದ್ದನ್ನು ರೋಗಿಗಳಿಗೆ ಕೊಟ್ಟರೆ ಕಡಿಮೆಯಾಗುತ್ತದೆ ಎಂಬ ಸತ್ಯವನ್ನು ಡಾಕ್ಟರ್ ಸಂಜೀವಪ್ಪ ಬೇಗ ಕಂಡುಕೊಂಡಿದ್ದರು. ಗುಳಿಗೆ ಕಡಿಮೆಯಾದರೆ ಆಡಿಟರಿಗೆ ಉತ್ತರ ಹೇಳಬೇಕು. ಜನ ಕಡಿಮೆಯಾದರೆ ಯಾರೂ ಕೇಳುತ್ತಿರಲಿಲ್ಲ.

ಆಡಿಟ್ ದಿನ ಮಂಚಗಳಿಗೆ ಒಗೆದ ದುಪ್ಪಟಿ ಹಾಸಿ, ಕೊಳೆಯಾದೀತೆಂದು ರೋಗಿಗಳನ್ನೆಲ್ಲ ಹೊಂಗೆಮರದ ಕೆಳಗೆ ಕಳಿಸಿದ್ದರು. ಸಾಸಲಿನ ಅಕ್ಕಯಮ್ಮ ಚಳಿಜ್ವರದ ಮಗಳು ಮುನಿತಾಯಿಯನ್ನು ಗಾಡಿಯಲ್ಲಿ ತಂದದ್ದು ಅಂದೇ. ಹುಡುಗಿ ಎದುರಿಗಿಲ್ಲದವರ ಜೊತೆ ಮಾತಾಡುತ್ತಿದ್ದಳು. ಇದೇ ಜ್ವರ ಅವಳ ಅಣ್ಣನನ್ನು ಆಗಲೇ ತಿಂದಿತ್ತು.

“ನಾಳೆ ಬಾರಮ್ಮ, ಇವತ್ತು ಸಾಹೇಬ್ರು ಬರ್ತಾರೆ,” ಎಂದರು ಡಾಕ್ಟರು.

“ನಾಳೆಗೂ ಇವಳು ಇರ್ತಾಳೆ ಅಂತ ಬರ್ಕೊಡಿ ಸ್ವಾಮಿ, ಹೋಗ್ತೀನಿ.”

ಬರೆದುಕೊಡಲಿಲ್ಲ. ಅಷ್ಟರಲ್ಲಿ ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ಕೆಮ್ಮುತ್ತಾ ಬಂದು ಆಡಿಟರನ್ನು ಇಳಿಸಿತು. ಅವರು ಮೊದಲು ಎಳನೀರು ಕೇಳಿದರು. ಆಮೇಲೆ ದುಪ್ಪಟಿ ಎಣಿಸಿದರು, ಬೋಗುಣಿ ಎಣಿಸಿದರು, ಪೆನ್ನಿನ ತುದಿಯಲ್ಲಿ ಗುಳಿಗೆಗಳನ್ನು ಉರುಳಿಸಿ ಎಣಿಸಿದರು. ಖಾಲಿ ವಾರ್ಡನ್ನು ಕಣ್ತುಂಬ ನೋಡಿದರು.

“ಏನ್ ಶುಚಿ ರೀ! ಒಂದು ನೊಣ ಇಲ್ಲ!”

ನೊಣಗಳೂ ರೋಗಿಗಳ ಜೊತೆ ಮರದ ಕೆಳಗಿದ್ದವು.

ಕೊನೆಗೆ ಕ್ವಿನೈನ್ ಸೀಸೆಯ ಬಾಯಿಗೆ ಬಟ್ಟೆ ಹೊದಿಸಿ, ದಾರ ಬಿಗಿದು, ಅರಗು ಕರಗಿಸಿ ಮುದ್ರೆ ಒತ್ತಿದರು. ಲೆಕ್ಕಕ್ಕೆ ಬೆಂಗಳೂರಿನ ಒಪ್ಪಿಗೆ ಬರುವ ತನಕ ಅದನ್ನು ಮುಟ್ಟುವಂತಿಲ್ಲ; ಪದ್ಧತಿ ಹಾಗಿತ್ತು.

ಅಕ್ಕಯಮ್ಮ ಮಗಳನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದು, ಬಿಳಿಯ ದುಪ್ಪಟಿಯ ಮೇಲೆ ಮಲಗಿಸಿಬಿಟ್ಟಳು.

“ಏ, ಎಬ್ಬಿಸು! ಒಳರೋಗಿ ಯಾರೂ ಇಲ್ಲ ಅಂತ ಆಗಲೇ ಬರೆದಾಗಿದೆ,” ಎಂದರು ಆಡಿಟರು.

“ಬರೆದಿರೋದು ನೀವು. ಮಲಗಿರೋಳು ನನ್ನ ಮಗಳು. ಆ ಗುಳಿಗೆ ಕೊಡಿ.”

ಡಾಕ್ಟರು ಕೈ ಹಿಸುಕಿಕೊಂಡರು. “ಮುದ್ರೆ ತಮ್ಮದು ಸಾರ್. ತಾವು ಹೇಳಿದ್ರೆ ಒಡೀತೀನಿ.”

“ಆಸ್ಪತ್ರೆ ನಿಮ್ದು ರೀ. ನಾನ್ಯಾಕೆ ಹೇಳ್ಲಿ?”

“ತಾವು ಹೇಳದೆ ನಾನು ಹೆಂಗೆ ಸಾರ್...”

ಓದಿದವರಿಬ್ಬರು ಹೀಗೆ ಕೆಂಡ ದಾಟಿಸುವಂತೆ ಮಾತು ದಾಟಿಸುತ್ತಿದ್ದಾಗ, ಮಂಚದ ಮೇಲೆ ಹುಡುಗಿ ಮಾತಾಡುವುದನ್ನು ನಿಲ್ಲಿಸಿದಳು.

ಅಕ್ಕಯಮ್ಮ ಮೇಜಿನ ಮೇಲಿದ್ದ ಸೀಸೆ ಎತ್ತಿಕೊಂಡು ದಾರವನ್ನು ಹಲ್ಲಿನಿಂದ ಕಡಿದಳು. ಅರಗು ಪುಡಿಯಾಗಿ ಉದುರಿತು. ತಕ್ಷಣ ಆಡಿಟರು ಬಸ್ಸು ನೋಡಲು ಕಿಟಕಿಗೆ ಹೋದರು. ಡಾಕ್ಟರಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಬಹಳ ಮುಖ್ಯವಾದದ್ದು ಕಂಡಿತು. ನೋಡಿದರೆ ತಾನೆ ಹೊಣೆ?

“ಎಷ್ಟು ಕೊಡ್ಬೇಕು ಸ್ವಾಮಿ?”

ಇಬ್ಬರೂ ತಿರುಗಲಿಲ್ಲ.

“ಬಾಯಿ ಬಿಡ್ರೋ! ಜಾಸ್ತಿ ಕೊಟ್ಟು ನಾನೇ ಕೊಲ್ಲಲೇನ್ರೋ?”

ಡಾಕ್ಟರು ಕ್ಯಾಲೆಂಡರು ನೋಡುತ್ತಲೇ ಒಂದು ಕೈಯನ್ನು ಬೆನ್ನ ಹಿಂದೆ ತಂದು, ಕಿಟಕಿಯ ಕಡೆಗೆ ಕಾಣದಂತೆ, ಎರಡು ಬೆರಳು ಚಾಚಿದರು.

ಅಕ್ಕಯಮ್ಮ ಎರಡು ಗುಳಿಗೆ ಅರೆದು ಮಗಳ ನಾಲಿಗೆಗೆ ಸವರಿ, ತಲೆ ಎತ್ತಿ ಹಿಡಿದು ನೀರು ಹನಿಸಿದಳು. ಗಂಟಲು ಕದಲಿತು.

“ಸಾಯಂಕಾಲಕ್ಕೆ?” ಎಂದು ಆ ಬೆನ್ನನ್ನೇ ಕೇಳಿದಳು.

ಬೆರಳುಗಳು ಮತ್ತೆ ಚಾಚಿಕೊಂಡವು.